ಪಟ್ಟೆ ಕೋಟಿನ ಬಲ ಹೆಗಲು

ನಿಮ್ಮ ಮನೆ ಗಂಡಸರ ಎರಡು ಹೆಗಲೂ ಸಮವಾಗಿವೆ ಎಂದು ನಂಬಿಕೊಂಡು ಕೂತಿದ್ದೀರಾ? ಪಾಪ. ಅವರಿಗೊಂದು ಪಟ್ಟೆ ಅಂಗಿ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿ ನೋಡಿ. ಇಷ್ಟು ವರ್ಷ ನೀವು ಸಂಸಾರ ಮಾಡಿದ್ದು ನೇರ ಮನುಷ್ಯನ ಜೊತೆಗೋ ಓರೆ ಮನುಷ್ಯನ ಜೊತೆಗೋ ಅವತ್ತು ಗೊತ್ತಾಗುತ್ತದೆ. ಆಮೇಲೆ ಜಗಳವಾದರೆ ನನ್ನ ಹೆಸರು ಹೇಳಬೇಡಿ.

ನಾನು ಗಿರಿಜಾ. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಟೈಲರ್ ಅಂಗಡಿ ಇತ್ತು. ನಮ್ಮ ಯಜಮಾನರು ಗಂಡಸರ ಕೋಟು ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. 2003ರಲ್ಲಿ ಅವರು ತೀರಿಹೋದ ಮೇಲೆ ಕತ್ತರಿಯೂ ನನ್ನ ಕೈಗೇ ಬಂತು. ಹೆಂಗಸು ಗಂಡಸರ ಅಳತೆ ತೆಗೆಯುವುದು ಆಗ ಊರಿಗೆ ತಮಾಷೆ. ನಾನು ಟೇಪು ಹಿಡಿದು ಹತ್ತಿರ ಹೋದರೆ ಕೆಲವರು ಹೊಟ್ಟೆ ಎಳೆದುಕೊಂಡು ಉಸಿರು ಕಟ್ಟಿ ನಿಲ್ಲುತ್ತಿದ್ದರು. ನಾನು ಉಸಿರು ಕಟ್ಟಿದ ಅಳತೆಗೇ ಹೊಲಿದು ಕೊಡುತ್ತಿದ್ದೆ. ಮದುವೆ ಊಟವಾದ ಮೇಲೆ ಗುಂಡಿ ಹಾಕಲು ಬರದಿದ್ದರೆ ಅದು ಅವರ ಪಾಡು.

ಈಗ ಅಂಗಡಿ ಇಲ್ಲ. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಸೂಜಿಗೆ ದಾರ ಪೋಣಿಸಿದ ಬೆರಳಿಗೆ ಇದೇನು ಮಹಾ ಎಂದುಕೊಂಡಿದ್ದೆ. ‘ಪಟ್ಟೆ’ ಎಂದು ಬರೆಯಲು ಹೊರಟರೆ ಅದು ‘ಪಟಾಕಿ’ ಎನ್ನುತ್ತದೆ. ಇರಲಿ. 2005ರ ಬೇಸಿಗೆಯ ಒಂದು ಕೋಟಿನ ಕಥೆ ಹೇಳುತ್ತೇನೆ. ಆ ಕೋಟು ಇವತ್ತಿಗೂ ಒಮ್ಮೊಮ್ಮೆ ನನ್ನ ಕಣ್ಣೆದುರು ಬಂದು ನಿಲ್ಲುತ್ತದೆ. ಒಳಗೆ ಯಾರೂ ಇರುವುದಿಲ್ಲ.

ಮೊದಲು ಕೋಟು ಹುಟ್ಟಿದ್ದು ಹೇಳಬೇಕು. 2001ರಲ್ಲಿ ನರಸಿಂಹರಾಜಪುರದ, ಎಂದರೆ ನಮ್ಮ ಬಾಯಲ್ಲಿ ಎನ್‌.ಆರ್‌.ಪುರದ, ಹತ್ತಿರದ ಕಡಹಿನಬೈಲಿನಿಂದ ಹಾಲೇಶ ಎಂಬ ಹುಡುಗ ತಾಯಿ ಗೌರಮ್ಮನನ್ನು ಕರೆದುಕೊಂಡು ಅಂಗಡಿಗೆ ಬಂದ. ಶಿವಮೊಗ್ಗದಲ್ಲಿ ತಾನೇ ಆರಿಸಿ ತಂದ ಸೂಟಿನ ಬಟ್ಟೆ ಅವನ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲೆ ಬಿಡಿಸಿದಾಗ ಯಜಮಾನರು ಕನ್ನಡಕ ಸರಿಮಾಡಿಕೊಂಡರು. ಕಡುಗಪ್ಪು ಬಟ್ಟೆಯ ಮೇಲೆ, ಎರಡು ಬೆರಳಿಗೊಂದರಂತೆ, ಸೀಮೆಸುಣ್ಣದಲ್ಲಿ ಎಳೆದ ಹಾಗೆ ಬಿಳಿ ಪಟ್ಟೆ. ನಮ್ಮ ಕಡೆ ಆಗ ಇಂಥದ್ದು ಹಾಕಿದರೆ ಬ್ಯಾಂಡ್‌ಸೆಟ್ಟಿನವರು ಬಂದರು ಎನ್ನುತ್ತಿದ್ದರು.

ದಪ್ಪ ಪಟ್ಟೆಯ ಬಟ್ಟೆ ಟೈಲರನಿಗೆ ಪರೀಕ್ಷೆ ಇದ್ದ ಹಾಗೆ. ಸಾದಾ ಬಟ್ಟೆಯಲ್ಲಿ ಕತ್ತರಿ ಅರ್ಧ ಇಂಚು ತಪ್ಪಿದರೂ ಇಸ್ತ್ರಿ ಮುಚ್ಚಿಹಾಕುತ್ತದೆ. ಪಟ್ಟೆಯಲ್ಲಿ ಆಗುವುದಿಲ್ಲ. ಎದೆಯ ಪಟ್ಟೆ ಹೆಗಲಿನ ಹೊಲಿಗೆಯಲ್ಲಿ ಬೆನ್ನಿನ ಪಟ್ಟೆಯನ್ನು ಸೇರಬೇಕು, ಜೇಬಿನ ಮುಚ್ಚಳದ ಪಟ್ಟೆ ಕೆಳಗಿನ ಪಟ್ಟೆಯ ಮೇಲೇ ಕೂರಬೇಕು. ಹಾಕಿಕೊಳ್ಳುವವನಿಗೂ ಅಷ್ಟೇ ಕಷ್ಟ. ಪಟ್ಟೆ ಮಾತಾಡುವಾಗ ಉಳಿದದ್ದೆಲ್ಲ ಬಾಯಿ ಮುಚ್ಚಿಕೊಂಡಿರಬೇಕು ಎಂದು ನಮ್ಮ ಯಜಮಾನರು ಗಿರಾಕಿಗಳಿಗೆ ಹೇಳುತ್ತಿದ್ದರು. ಒಳಗೆ ಸಾದಾ ಬಿಳಿ ಅಂಗಿ, ಒಂದೇ ಬಣ್ಣದ ಟೈ, ಕಪ್ಪು ಶೂ, ಮುಗಿಯಿತು. ಎದೆಯ ಜೇಬಿಗೆ ಮೊಬೈಲು ತುರುಕಿದರೆ ಪಟ್ಟೆ ಬಸುರಿಯಾಗುತ್ತದೆ ಎನ್ನುವುದು ನಾನು ಸೇರಿಸಿದ್ದು.

ಹಾಲೇಶನ ಹೆಗಲು ಮಾತ್ರ ಆ ಬಟ್ಟೆಗೆ ಹೇಳಿ ಮಾಡಿಸಿದ್ದಲ್ಲ. ಚಿಕ್ಕವನಿದ್ದಾಗ ನೇರಳೆ ಮರದಿಂದ ಬಿದ್ದು ಕೊರಳೆಲುಬು ಮುರಿದಿತ್ತಂತೆ. ಕೂಡಿದ್ದು ಸೊಟ್ಟ. ಬಲ ಹೆಗಲು ಎಡಕ್ಕಿಂತ ಒಂದಿಂಚು ಕೆಳಗೆ. ನಿಂತರೆ ಯಾರದೋ ಗುಟ್ಟು ಕೇಳಲು ಬಗ್ಗಿದ ಹಾಗೆ ಕಾಣುತ್ತಿದ್ದ. ಊರಲ್ಲಿ ಅವನಿಗೆ ವಾಲು ಹಾಲೇಶ ಎಂದೇ ಹೆಸರು. ಇಂಥ ಹೆಗಲಿಗೆ ಒಳಗೆ ದಪ್ಪ ಪ್ಯಾಡ್ ಇಟ್ಟು ಸಮ ಮಾಡುವುದು ರೂಢಿ. ಯಜಮಾನರು ಅದನ್ನೇ ಹೇಳಿದರು.

“ಬ್ಯಾಡ ಮಾವ,” ಎಂದು ಹಾಲೇಶ ನಕ್ಕ. “ಸಮ ಮಾಡಿದ್ರೆ ನಮ್ಮಮ್ಮನೇ ನನ್ ಗುರುತು ಹಿಡಿಯಲ್ಲ. ಇದ್ದ ಹಂಗೇ ಹೊಲೀರಿ.”

ಪ್ಯಾಡ್ ಇಲ್ಲದೆ, ಕೋಟಿನ ಬಲ ಹೆಗಲನ್ನೇ ತಗ್ಗಿಸಿ ಹೊಲಿದೆವು. ಹೆಗಲಿನ ಹೊಲಿಗೆಯನ್ನು ಮಾತ್ರ ನನ್ನ ಕೈಗೆ ಕೊಡದೆ ಯಜಮಾನರು ತಾವೇ ಹಾಕಿದರು. ಅವನು ಹಾಕಿಕೊಂಡು ನಿಂತಾಗ ಒಂದೊಂದು ಪಟ್ಟೆಯೂ ತೂಗುಬಿಟ್ಟ ದಾರದಂತೆ ನೆಟ್ಟಗೆ ಇಳಿದಿತ್ತು. ವಾಲಿದ ಹುಡುಗನ ಮೇಲೆ ವಾಲದ ಪಟ್ಟೆ. ಬಿಳಿ ಅಂಗಿ, ಕಡುಗೆಂಪು ಟೈ. ಓಣಿಯವರು ಬಂದು ನೋಡಿ ಹೋದರು, ಬ್ಯಾಂಡ್‌ಸೆಟ್ ಎಂದು ಒಬ್ಬರೂ ಅನ್ನಲಿಲ್ಲ.

ಮರುವರ್ಷ ಪ್ಯಾಂಟಿನ ಕಾಲು ಸ್ವಲ್ಪ ಬಿಡಿಸಬೇಕೆಂದು ಸೂಟನ್ನು ಅಂಗಡಿಯಲ್ಲಿ ಕೊಟ್ಟು ಹೋದ. ವಾಪಸ್ ಒಯ್ಯಲು ಬರಲಿಲ್ಲ. ಭದ್ರಾ ಹಿನ್ನೀರಿನಲ್ಲಿ ಮೀನಿಗೆ ಹೋದ ತೆಪ್ಪ ಮಗುಚಿತ್ತು. ಅವನು ಸಿಕ್ಕಿದ್ದು ಕೆಲವು ದಿನ ಕಳೆದ ಮೇಲೆ. ತಾಯಿ ನೋಡುವ ಹಾಗಿಲ್ಲ ಎಂದು ಊರವರು ಗೌರಮ್ಮನಿಗೆ ಮುಖ ತೋರಿಸಲಿಲ್ಲ. ದಡದಿಂದಲೇ ಒಯ್ದು ಮಣ್ಣು ಮಾಡಿದರು. ಅವನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಮನೆಯಿಂದ ಹೊರಗೆ ಹಾಕಿದರು. ಅದು ಅವರಲ್ಲಿ ನಡೆದುಬಂದ ಪದ್ಧತಿ.

ಉಳಿದದ್ದು ನಮ್ಮ ಅಂಗಡಿಯಲ್ಲಿದ್ದ ಸೂಟು ಒಂದೇ.

ಸಾವಿನ ಮನೆಗೆ ಹೊಲಿದ ಬಟ್ಟೆ ಕಳಿಸಬಾರದು, ಕೇಳಿಕೊಂಡು ಬಂದರೆ ಕೊಡಬೇಕು ಎಂದು ಯಜಮಾನರು ಅದನ್ನು ಹಿಂದಿನ ಗೋಡೆಯ ಮೊಳೆಗೆ ತೂಗುಹಾಕಿದರು. ಯಾರೂ ಕೇಳಿಕೊಂಡು ಬರಲಿಲ್ಲ. ಮಾರನೇ ವರ್ಷ ಯಜಮಾನರೂ ಹೋದರು. ಎದೆ ನೋವು ಎಂದವರು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಆ ಮೊಳೆಯ ಮೇಲೆ ಒಬ್ಬನ ಹೆಗಲು, ಇನ್ನೊಬ್ಬರ ಹೊಲಿಗೆ, ಎರಡೂ ಒಟ್ಟಿಗೆ ನೇತಾಡುತ್ತಿದ್ದವು.

ಹ್ಯಾಂಗರಿನ ಎರಡು ತುದಿ ಸಮ. ಕೋಟಿನ ಹೆಗಲು ಸಮ ಅಲ್ಲ. ಹಾಗಾಗಿ ಅದು ಯಾವಾಗಲೂ ಸ್ವಲ್ಪ ಓರೆಯಾಗಿ, ನಾವಾಡುವ ಮಾತಿಗೆ ಕಿವಿಗೊಟ್ಟ ಹಾಗೆ ಇರುತ್ತಿತ್ತು. ನನ್ನ ಜೊತೆ ಹೊಲಿಯುತ್ತಿದ್ದ ಲಿಲ್ಲಿ ಎನ್‌.ಆರ್‌.ಪುರದ ಕಡೆಯವಳು, ಅದರ ಮುಂದೆ ಹಾದುಹೋಗುವಾಗ ಪ್ರತಿಸಲ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದಳು.

“ಅಕ್ಕಾ, ಅದನ್ನ ಗೋಡೆ ಕಡೆ ತಿರುಗ್ಸಿ ಹಾಕಿ. ನನ್ನೇ ನೋಡ್ತಾ ಉಂಟು.”

“ನಿನ್ನ ನೋಡಿ ಎಂತ ಸಿಗ್ತದೆ ಅದಕ್ಕೆ? ಸುಮ್ನೆ ಹೊಲಿ ಮಾರಾಯ್ತಿ.”

ಹಾಗೆಂದ ನಾನೇ, ಅವಳು ಊಟಕ್ಕೆ ಹೋದಾಗ, ಅದನ್ನು ಗೋಡೆ ಕಡೆ ತಿರುಗಿಸಿದೆ. ಗಾಳಿಯೋ ಏನೋ, ಸಂಜೆ ನೋಡಿದರೆ ಮತ್ತೆ ನಮ್ಮ ಕಡೆಗೇ ಇತ್ತು. ಮೊಳೆ ಸಡಿಲ ಎಂದು ನನಗೆ ನಾನೇ ಹೇಳಿಕೊಂಡೆ. ಮೊಳೆ ಸಡಿಲ ಇದೆಯಾ ಎಂದು ಮುಟ್ಟಿ ನೋಡಲು ಮಾತ್ರ ಹೋಗಲಿಲ್ಲ.

2005ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹಾಲೇಶನ ತಮ್ಮ ಯೋಗೇಶ ಬಂದ. ಅಣ್ಣನ ಎತ್ತರ, ಅಣ್ಣನ ಮೂಗು. ಹೆಗಲು ಮಾತ್ರ ಹಲಗೆಯಂತೆ ಸಮ.

“ಗಿರಿಜಕ್ಕ, ಅಣ್ಣನ ಕೋಟು ಇಲ್ಲೇ ಉಂಟಂತಲ್ಲ. ಅಮ್ಮ ತಗಂಡು ಬಾ ಅಂದ್ರು.”

ಲಿಲ್ಲಿಯ ಮಷಿನ್ ನಿಂತಿತು.

ಅವನಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ಸುಮಾ, ಕೆರೆಕಟ್ಟೆಯವಳು, ಶೃಂಗೇರಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ರಿಸೆಪ್ಷನ್ ಎನ್‌.ಆರ್‌.ಪುರದ ಕಲ್ಯಾಣ ಮಂಟಪದಲ್ಲಿ. ಗೌರಮ್ಮ ಒಂದೇ ಹಟ ಹಿಡಿದಿದ್ದರು. ದೊಡ್ಡವನ ಕೋಟು ಹಾಕಿಕೊಂಡು ಮಗ ಸ್ಟೇಜಿನ ಮೇಲೆ ನಿಲ್ಲಬೇಕು. ಇಲ್ಲವಾದರೆ ತಾನು ಮಂಟಪದ ಮೆಟ್ಟಿಲು ತುಳಿಯುವುದಿಲ್ಲ.

“ಸೊಂಟ, ಕೈ, ಪ್ಯಾಂಟು ಎಲ್ಲಾ ನಂಗಾಗೋ ಹಂಗೆ ಮಾಡಬಹುದಂತೆ,” ಎಂದ ಯೋಗೇಶ. “ಹೆಗಲು ಮಾತ್ರ ಮುಟ್ಟಬಾರದಂತೆ.”

ಮೊಳೆಯಿಂದ ಇಳಿಸಿ, ಧೂಳು ಕೊಡವಿ ತೊಡಿಸಿದೆ. ಒಳಗೆ ಅವನು ಮಿರಮಿರ ಮಿಂಚುವ ಮೆರೂನ್ ಅಂಗಿ ಹಾಕಿಕೊಂಡು ಬಂದಿದ್ದ. ಜೊತೆಗೆ ಒಂದು ಪಟ್ಟೆ ಟೈ.

“ಯೋಗೇಶ, ಇದೆಂತದು ಮಾರಾಯ, ಪಟ್ಟೆ ಮೇಲೆ ಪಟ್ಟೆ? ಎರಡೂ ಜಗಳ ಆಡ್ತವೆ, ನಡುವೆ ನೀನು ಪಂಚಾಯ್ತಿಗೆ ನಿಂತಂಗೆ ಕಾಣ್ತೀಯ.”

ಅವನು ನಕ್ಕ. ನಕ್ಕು ಕನ್ನಡಿಗೆ ತಿರುಗಿದ. ಸಮ ಹೆಗಲಿನ ಮೇಲೆ ತಗ್ಗು ಹೆಗಲಿನ ಕೋಟು ಕೂರಲಿಲ್ಲ. ಕಾಲರು ಕತ್ತು ಬಿಟ್ಟು ಎದ್ದಿತು, ಬಲಗಡೆ ಅಂಚು ಮೇಲಕ್ಕೆ ಹೋಯಿತು, ಎದೆಯ ಪಟ್ಟೆಗಳೆಲ್ಲ ಗಾಳಿಗೆ ಓಲಿದ ಹಾಗೆ ಒಂದೇ ಕಡೆ ವಾಲಿದವು. ಇದನ್ನು ಹೇಗೆ ಸರಿಮಾಡುವುದು ಎಂದು ನಾನು ಪಿನ್ ಹುಡುಕಲು ಬಗ್ಗಿ ಎದ್ದೆ. ಅಷ್ಟರಲ್ಲಿ ಪಟ್ಟೆಗಳು ನೇರವಾಗಿದ್ದವು. ಒಂದೊಂದೂ ತೂಗುಬಿಟ್ಟ ದಾರದಂತೆ.

ಯೋಗೇಶನ ಬಲ ಹೆಗಲು ಇಳಿದಿತ್ತು.

“ಯೇಸುವೇ,” ಎಂದಳು ಲಿಲ್ಲಿ.

“ಯೋಗೇಶ,” ಎಂದೆ. “ನೆಟ್ಟಗೆ ನಿಲ್ಲು.”

“ನೆಟ್ಟಗೇ ನಿಂತಿದೀನಲ್ಲ ಗಿರಿಜಕ್ಕ?”

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಕನ್ನಡಿಯ ಮುಂದೆ ನಿಂತ ಮನುಷ್ಯ ತನ್ನ ಬೆನ್ನುಮೂಳೆಗಿಂತ ಎದೆಯ ಮೇಲಿನ ಪಟ್ಟೆಯನ್ನೇ ಹೆಚ್ಚು ನಂಬುತ್ತಾನೆ. ಪಟ್ಟೆ ನೇರವಾಗುವ ತನಕ ಮೈ ತಾನೇ ಜಾಗ ಹುಡುಕಿಕೊಳ್ಳುತ್ತದೆ. ಇದು ಕಸುಬಿನ ವಿವರಣೆ, ನಾನು ಲಿಲ್ಲಿಗೂ ಹೀಗೇ ಹೇಳಿದೆ. ಆದರೆ ಕನ್ನಡಿಯಲ್ಲಿ ಗುಟ್ಟು ಕೇಳಲು ಬಗ್ಗಿದ ಹಾಗೆ ನಿಂತಿದ್ದವನನ್ನು ನೋಡಿ ನನ್ನ ಬೆನ್ನಲ್ಲಿ ಹರಿದ ಚಳಿಗೆ ಆ ವಿವರಣೆ ಸಾಕಾಗಲಿಲ್ಲ.

ಅಮ್ಮನಿಗೆ ತೋರಿಸಿ ತರುತ್ತೇನೆಂದು ಕೋಟನ್ನು ಮನೆಗೆ ಒಯ್ದ. ಮುಂದಿನ ವಾರ ವಾಪಸ್ ಬರುವಾಗ ಜೊತೆಯಲ್ಲಿ ಸುಮಾ ಇದ್ದಳು. ಕೋಟು ಅವನ ತೋಳಿನ ಮೇಲಿತ್ತು, ಮೈಮೇಲಿದ್ದದ್ದು ಬರಿ ಟೀ ಶರ್ಟು. ಓಣಿಯ ತುದಿಯಿಂದ ಅವರಿಬ್ಬರು ನಡೆದು ಬರುವುದನ್ನು ನಾನು ಬಾಗಿಲಲ್ಲೇ ನಿಂತು ನೋಡಿದೆ. ಕೋಟು ಹಾಕದೆಯೂ ಯೋಗೇಶ ವಾಲಿಕೊಂಡು ನಡೆಯುತ್ತಿದ್ದ.

ಅವನು ಟೀ ತರಲು ಹೋದ ಕೂಡಲೇ ಸುಮಾ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳು ತಣ್ಣಗಿದ್ದವು.

“ಗಿರಿಜಕ್ಕ, ಅವರಮ್ಮ ದಿನಾ ಸಂಜೆ ಅದನ್ನ ಹಾಕಿಸ್ತಾರಂತೆ. ಹಾಕಿಸಿ ಜಗಲಿ ಮೇಲೆ ಕೂರಿಸಿಕೊಂಡು ಸುಮ್ನೆ ನೋಡ್ತಾರಂತೆ. ಈಗ ಇವರು ಬೈಕ್ ಮೇಲೆ ಕೂತ್ರೂ ಹಂಗೇ ಕೂರ್ತಾರೆ. ನೀವ್ ನೋಡಿದ್ರಲ್ಲ?”

“ನೋಡಿದೆ.”

“ನಾನು ಇವರ ಅಣ್ಣನ್ನ ಫೋಟೋದಲ್ಲೂ ನೋಡಿಲ್ಲ. ಆದ್ರೆ ಈಗ ಅವ್ರು ಹೆಂಗೆ ನಿಲ್ತಿದ್ರು, ಹೆಂಗೆ ಕೂರ್ತಿದ್ರು, ಎಲ್ಲಾ ಗೊತ್ತು.” ಬಾಗಿಲ ಕಡೆ ಒಮ್ಮೆ ನೋಡಿ ಮುಂದುವರಿಸಿದಳು. “ಇಡೀ ದಿನ ಜೆರಾಕ್ಸ್ ತೆಗೆಯೋ ಕೆಲಸ ನಂದು. ಮದುವೆಗೂ ಜೆರಾಕ್ಸ್ ಕಾಪಿ ಬ್ಯಾಡ ಗಿರಿಜಕ್ಕ, ಒರಿಜಿನಲ್ ಕೊಡಿ. ಈ ಕೋಟು ಹಿಂಗೇ ಇದ್ರೆ ನಾನು ಅವರ ಪಕ್ಕ ನಿಲ್ಲಲ್ಲ. ಅಪ್ಪಂಗೆ ಹೇಳಿ ಮದುವೆ ನಿಲ್ಲಿಸ್ತೀನಿ.”

ನಗು ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡೆ. ಅತ್ತ ತಾಯಿ ಕೋಟಿಲ್ಲದೆ ಬರುವುದಿಲ್ಲ, ಇತ್ತ ಹುಡುಗಿ ಕೋಟಿದ್ದರೆ ನಿಲ್ಲುವುದಿಲ್ಲ. ಬಲ ಹೆಗಲಿಗೆ ಪ್ಯಾಡ್ ಇಟ್ಟರೆ ಇನ್ನಷ್ಟು ಕೆಡುತ್ತದೆ, ಏಕೆಂದರೆ ಯೋಗೇಶನ ಹೆಗಲು ಮೊದಲೇ ಎತ್ತರ. ಇರುವ ದಾರಿ ಒಂದೇ. ಹೆಗಲಿನ ಹೊಲಿಗೆ ಬಿಚ್ಚಿ, ಒಳಗೆ ಬಟ್ಟೆ ಇದ್ದರೆ ಎತ್ತರಿಸಿ, ಮತ್ತೆ ಪಟ್ಟೆಗೆ ಪಟ್ಟೆ ಕೂಡಿಸುವುದು. ಬಟ್ಟೆ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಅಂಥ ಬಟ್ಟೆ ಮತ್ತೆ ಪೇಟೆಗೆ ಬಂದಿರಲಿಲ್ಲ, ತುಂಡು ಸೇರಿಸೋಣ ಎಂದರೆ ಸಿಗುವುದಿಲ್ಲ. ಹೆಗಲಿನಲ್ಲಿ ಯಾವ ಟೈಲರನೂ ಹೆಚ್ಚಿಗೆ ಬಟ್ಟೆ ಬಿಡುವುದಿಲ್ಲ. ಬಿಟ್ಟರೆ ಅಲ್ಲಿ ಉಬ್ಬುತ್ತದೆ.

ಗೌರಮ್ಮನಿಗೆ ಗೊತ್ತಾಗದ ಹಾಗೆ ಬಿಚ್ಚಿಬಿಡಿ ಎಂದು ಸುಮಾ ಹೇಳಿದಳು. ಆ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಮಣ್ಣು ಮಾಡುವಾಗ ಒಂದು ಸಲ ಆ ತಾಯಿಗೆ ತೋರಿಸದೆ ಮುಗಿಸಿದ್ದರು. ಇನ್ನೊಂದು ಸಲ ನಾನು ಹಾಗೆ ಮಾಡುವುದೇ? ಕೊನೆ ಟ್ರಯಲ್ ನೋಡಲು ನೀವೇ ಬರಬೇಕೆಂದು ಗೌರಮ್ಮನಿಗೆ ಹೇಳಿ ಕಳಿಸಿದೆ.

ಬಂದರು. ಮೊದಲಿನ ಗೌರಮ್ಮ ಅಲ್ಲ. ಕೈಬಳೆಗಳು ಮೊಣಕೈ ತನಕ ಜಾರುವಷ್ಟು ಇಳಿದಿದ್ದರು. ಕುರ್ಚಿ ಕೊಟ್ಟೆ, ಕೂರಲಿಲ್ಲ. ಯೋಗೇಶ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ, ಈ ಸಲ ನಾನು ಹೇಳಿದ ಬಿಳಿ ಅಂಗಿ. ಅವನ ಹೆಗಲು ತಾನಾಗಿ ಇಳಿಯಿತು, ಪಟ್ಟೆಗಳು ನೇರವಾದವು. ಸುಮಾ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು. ಗೌರಮ್ಮ ಹಿಂದಿನಿಂದ ಹೋಗಿ ತಗ್ಗಿದ ಹೆಗಲಿನ ಮೇಲೆ ಅಂಗೈ ಇಟ್ಟರು, ಮಗುವಿನ ಜ್ವರ ನೋಡುವ ಹಾಗೆ.

“ಹಾಲೂ,” ಎಂದರು.

“ಹ್ಞೂಂ ಅಮ್ಮ,” ಎಂದ ಯೋಗೇಶ.

ಓಗೊಟ್ಟವನಿಗೇ ತಾನು ಓಗೊಟ್ಟದ್ದು ಒಂದು ಕ್ಷಣ ತಡೆದು ಕೇಳಿಸಿತು. ಕನ್ನಡಿಯಲ್ಲಿ ಅವನ ಮುಖ ಬಿಳಿಚಿಕೊಂಡಿತು. ಸುಮಾ ಚಪ್ಪಲಿ ಹುಡುಕತೊಡಗಿದಳು. ಅವಳು ಹೊರಟರೆ ಮತ್ತೆ ಬರುವವಳಲ್ಲ ಎಂದು ನನಗೆ ಗೊತ್ತಾಯಿತು.

ಆಗ ನನ್ನ ನೆನಪಿಗೆ ಬಂದದ್ದು ಯಜಮಾನರ ಒಂದು ಹಾಳು ಅಭ್ಯಾಸ. ಅಳತೆ ತೆಗೆದು ಮುಗಿಸಿ, ಕತ್ತರಿ ಎತ್ತುವ ಮುಂಚೆ, ಪ್ರತಿ ಹುಡುಗನಿಗೂ ಒಂದು ಪ್ರಶ್ನೆ ಕೇಳುತ್ತಿದ್ದರು. “ಕೆಳಗೆ ತಮ್ಮ ಇದಾನಾ?” ನಮ್ಮ ಕಡೆ ಅಣ್ಣನ ಬಟ್ಟೆ ತಮ್ಮನಿಗೆ ಇಳಿದು ಬರುವುದು ಸಾಮಾನ್ಯ. ತಮ್ಮ ಇದ್ದರೆ ಸೊಂಟದಲ್ಲಿ, ತೋಳಿನಲ್ಲಿ, ಅಂಚಿನಲ್ಲಿ ಅವರು ಒಳಗೆ ಬಟ್ಟೆ ಬಿಡುತ್ತಿದ್ದರು. ಒಬ್ಬನೇ ಮಗ ಎಂದವರಿಗೆ ಚಿಕ್ಕದಾಗಿ ಕತ್ತರಿಸಿ, ಉಳಿದ ತುಂಡು ವಾಪಸ್ ಕೊಡುತ್ತಿದ್ದರು. ಗಿರಾಕಿಗಳ ಮನೆಯ ಜನಗಣತಿ ಯಾಕೆ ನಿಮಗೆ ಎಂದು ನಾನು ಎಷ್ಟೋ ಸಲ ರೇಗಿಸಿದ್ದೆ.

“ಗೌರಕ್ಕ,” ಎಂದೆ. “ಈ ಕೋಟಿಗೆ ಅಳತೆ ಕೊಡೋಕೆ ಹಾಲೇಶನ ಜೊತೆ ನೀವೂ ಬಂದಿದ್ರಿ. ಅವತ್ತು ನಮ್ಮನೆಯವರು ಒಂದು ಮಾತು ಕೇಳಿದ್ರು. ನೆನಪುಂಟಾ?”

“ಎಂತ ಕೇಳಿದ್ರು?” ಕೈ ಹೆಗಲಿನ ಮೇಲೇ ಇತ್ತು.

“ಕೆಳಗೆ ತಮ್ಮ ಇದಾನಾ ಅಂತ.”

ಗೌರಮ್ಮ ನನ್ನನ್ನೇ ನೋಡಿದರು.

“ನೀವ್ ಎಂತ ಹೇಳಿದ್ರಿ?”

ಹೊರಗೆ ಶೃಂಗೇರಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಗೌರಮ್ಮ ನಿಧಾನಕ್ಕೆ ಹೇಳಿದರು.

“ನಾ ಹೇಳ್ಲಿಲ್ಲ. ಹಾಲುನೇ ಹೇಳಿದ್ದ. ಇದಾನೆ ಮಾವ, ನಾನು ಹಳೇದು ಮಾಡಿ ಕೊಡೋ ತನಕ ಕಾಯ್ತಾ ಕೂತಿದಾನೆ ಅಂದಿದ್ದ. ಎಲ್ಲಾರೂ ನಕ್ಕಿದ್ವಿ.”

ಯೋಗೇಶ ಕನ್ನಡಿಯಿಂದ ಮುಖ ತಿರುಗಿಸಿದ. ಇದು ಅವನಿಗೆ ಗೊತ್ತಿರಲಿಲ್ಲ.

“ಹಂಗಾದ್ರೆ ಒಳಗೆ ಬಟ್ಟೆ ಇರಬೋದು,” ಎಂದೆ. “ಇಲ್ಲದೆಯೂ ಇರಬೋದು. ಬಿಚ್ಚದೆ ಗೊತ್ತಾಗಲ್ಲ. ಬಿಚ್ಚಿದ ಮೇಲೆ ನಮ್ಮನೆಯವರ ಹೊಲಿಗೆ ವಾಪಸ್ ಬರಲ್ಲ, ಅದು ನಂಗೂ ಕಷ್ಟವೇ. ನೀವು ಬ್ಯಾಡ ಅಂದ್ರೆ ಮುಟ್ಟಲ್ಲ.”

ಗೌರಮ್ಮ ಯೋಗೇಶನ ಮುಖ ನೋಡಿದರು. ಹೆಗಲು ಬಿಟ್ಟು, ಮುಖ. ಆಮೇಲೆ ಬಾಗಿಲ ಕಡೆ ನೋಡಿದರು. ಸುಮಾ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

“ಒಳಗೆ ಬಾರೇ ಕೂಸೆ,” ಎಂದರು ಗೌರಮ್ಮ. ನನ್ನ ಕಡೆ ತಿರುಗಿ, “ಬಿಚ್ಚು. ನನ್ನೆದುರಿಗೇ ಬಿಚ್ಚು,” ಎಂದರು. ಆಗ ಕುರ್ಚಿಯಲ್ಲಿ ಕೂತರು.

ಲೈನಿಂಗ್ ಬಿಡಿಸಿದೆ, ತೋಳು ಕಳಚಿದೆ. ಹೆಗಲಿನ ಹೊಲಿಗೆಗೆ ಬ್ಲೇಡಿನ ತುದಿ ಇಟ್ಟೆ. ಎಷ್ಟು ಗಟ್ಟಿ ಹೊಲಿದಿದ್ದೀರಿ ಮಾರಾಯ್ರೇ, ಮನೆಯಲ್ಲಿ ಹರಿದ ಹೊದಿಕೆಗೆ ಮಾತ್ರ ಒಂದು ಟಾಕೂ ಹಾಕಲಿಲ್ಲ ಎಂದು ಯಜಮಾನರಿಗೆ ಮನಸ್ಸಿನಲ್ಲೇ ಬೈದೆ. ಒಂದೊಂದೇ ಎಳೆ ಕಿತ್ತೆ.

ಒಳಗೆ ಬಟ್ಟೆ ಇತ್ತು.

ಯಜಮಾನರು ತಗ್ಗು ಹೆಗಲನ್ನು ಕತ್ತರಿಸಿರಲೇ ಇಲ್ಲ. ಸಮ ಹೆಗಲಿಗೆ ಬೇಕಾದಷ್ಟು ಬಟ್ಟೆ ಇಟ್ಟುಕೊಂಡು, ಹೆಚ್ಚಿನದನ್ನು ಒಳಕ್ಕೆ ಮಡಚಿ, ಉಬ್ಬದಂತೆ ಒಳಪದರದ ಕ್ಯಾನ್ವಾಸಿಗೆ ಕೈಯಿಂದ ಟಾಕು ಹಾಕಿ ಮಲಗಿಸಿದ್ದರು. ಪಕ್ಕದಲ್ಲೇ ಕೂತು ಹೊಲಿದ ನನಗೂ ಹೇಳಿರಲಿಲ್ಲ. ಮಡಿಕೆ ಬಿಡಿಸಿದಾಗ ಒಳಗಿನ ಕಪ್ಪು ಹೊರಗಿನದಕ್ಕಿಂತ ಕಪ್ಪಾಗಿತ್ತು, ಬಿಳಿ ಪಟ್ಟೆ ಮೊನ್ನೆ ಬರೆದ ಹಾಗಿತ್ತು. ಗಾಳಿ, ಧೂಳು, ಬೆಳಕು ಯಾವುದೂ ಅದನ್ನು ಮುಟ್ಟಿರಲಿಲ್ಲ. ಹಾಲೇಶ ಬದುಕಿದ್ದ ದಿನದ ಬಟ್ಟೆ. ಗೌರಮ್ಮ ಬಗ್ಗಿ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಅಳಲಿಲ್ಲ. ಲಿಲ್ಲಿ ಅತ್ತಳು, ಅವಳು ಎಲ್ಲದಕ್ಕೂ ಅಳುತ್ತಾಳೆ.

ಹೊಸ ಹೊಲಿಗೆ ಹಾಕಲು ನನಗೆ ಕಷ್ಟವಾಗಲಿಲ್ಲ. ಒಳಗಿನ ಪಟ್ಟೆಯನ್ನೂ ಅವರು ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಎದೆಯದು ಬೆನ್ನಿನದಕ್ಕೆ ತಾನೇ ಹೋಗಿ ಸೇರಿತು. ಕಷ್ಟವಾದದ್ದು ಹಳೆಯ ಹೊಲಿಗೆಯ ಜಾಗ. ಅಷ್ಟು ವರ್ಷ ಮಡಚಿದ್ದ ಕಡೆ ಹೆಗಲಿನ ಮೇಲೆ ಅಡ್ಡಲಾಗಿ ಒಂದು ಗೆರೆ ಉಳಿಯಿತು. ಒದ್ದೆ ಬಟ್ಟೆ ಹಾಕಿ ಇದ್ದಿಲ ಇಸ್ತ್ರಿ ಒತ್ತಿದೆ, ವಿನೆಗರ್ ನೀರು ಸವರಿ ಒತ್ತಿದೆ, ಹಿಂದಿನಿಂದ ಬ್ರಶ್ ಉಜ್ಜಿದೆ. ದೂರದಿಂದ ಕಾಣದ ಹಾಗಾಯಿತು. ಬೆರಳಾಡಿಸಿದರೆ ಮಾತ್ರ ಸಿಗುತ್ತಿತ್ತು, ಹಾಲೇಶನ ಹೆಗಲು ಎಲ್ಲಿಂದ ಇಳಿಯುತ್ತಿತ್ತೋ ಸರಿಯಾಗಿ ಅಲ್ಲಿ.

ರಿಸೆಪ್ಷನ್ ದಿನ ನಾನೂ ಲಿಲ್ಲಿಯೂ ಎನ್‌.ಆರ್‌.ಪುರಕ್ಕೆ ಹೋದೆವು. ಸ್ಟೇಜಿಗೆ ಹತ್ತುವ ಮುಂಚೆ ಯೋಗೇಶನನ್ನು ಒಂದು ಮೂಲೆಗೆ ಕರೆದು ತಪಾಸಣೆ ಮಾಡಿದೆ. ಎದೆಯ ಜೇಬಿಗೆ ಯಾರೋ ಸಿಕ್ಕಿಸಿದ್ದ ಪ್ಲಾಸ್ಟಿಕ್ ಗುಲಾಬಿ ತೆಗೆದೆ. ಟೈಗೆ ಹಾಕಿದ್ದ ಮಿಂಚುವ ಕ್ಲಿಪ್ಪು ತೆಗೆದೆ. ಪ್ಯಾಂಟಿನ ಜೇಬಿನಿಂದ ಮೊಬೈಲು, ಬೀಗದ ಗೊಂಚಲು, ಅಡಿಕೆ ಪೊಟ್ಟಣ ತೆಗೆದು ಲಿಲ್ಲಿಯ ಚೀಲಕ್ಕೆ ಹಾಕಿದೆ. ಅವನ ಸ್ನೇಹಿತರು ಮಿಣಮಿಣ ಅಂಗಿಗಳಲ್ಲಿ ಹೊಳೆಯುತ್ತಿದ್ದರು, ಅವರ ನಡುವೆ ಇವನೊಬ್ಬ ಕಪ್ಪು ಬಿಳುಪು. ವಿಡಿಯೋದವನು ಬಂದು, ಪಟ್ಟೆ ಕ್ಯಾಮೆರಾದಲ್ಲಿ ಕುಣಿಯುತ್ತೆ, ಬೇರೆ ಕೋಟಿಲ್ವಾ ಎಂದ. “ನಿನ್ನ ಕ್ಯಾಮೆರಾ ಹಿಂದಕ್ಕೆ ಸರಿಸಿ ಇಟ್ಕ ಮಾರಾಯ, ಕೋಟು ನಿಂತಲ್ಲೇ ನಿಲ್ತದೆ,” ಎಂದು ಕಳಿಸಿದೆ.

ಸ್ಟೇಜಿನ ಮೇಲೆ ಲೈಟು ಬಿತ್ತು. ನನ್ನ ಕಣ್ಣು ಬೇರೆಲ್ಲೂ ಹೋಗಲಿಲ್ಲ. ಪಟ್ಟೆಗಳು ನೇರ. ಹೆಗಲು? ಸ್ವಲ್ಪ ಹೊತ್ತು ಬಲಗಡೆ ಇಳಿಯಿತು, ಅಭ್ಯಾಸ ಹೋಗಿರಲಿಲ್ಲ. ಇಳಿದ ಕೂಡಲೇ ಪಟ್ಟೆಗಳು ಓರೆಯಾದವು. ಸುಮಾ ಕೆಳಗಣ್ಣಿನಲ್ಲೇ ಅದನ್ನು ಕಂಡು, ಸೀರೆಯ ಮರೆಯಲ್ಲಿ ಮೊಣಕೈಯಿಂದ ಒಂದು ತಿವಿತ ಕೊಟ್ಟಳು. ಹೆಗಲು ಮೇಲೆದ್ದಿತು, ಪಟ್ಟೆ ಸರಿಯಾಯಿತು. ಮೊದಲು ಅವನನ್ನು ಬಗ್ಗಿಸಿದ ಪಟ್ಟೆಯೇ ಈಗ ನೆಟ್ಟಗೆ ನಿಲ್ಲಿಸುತ್ತಿತ್ತು. ಒಂದು ದಪ್ಪ ಪಟ್ಟೆಯ ಸೂಟು ಅಷ್ಟು ಚಂದವಾಗಿ ಮನುಷ್ಯನ ಮೈಮೇಲೆ ಕೂತದ್ದನ್ನು ನಾನು ಮತ್ತೆ ನೋಡಿಲ್ಲ. ಆದರೂ, ಅವನು ಕೈಮುಗಿಯಲು ಬಗ್ಗಿದಾಗಲೆಲ್ಲ ಅವನ ಹಿಂದೆ ಇನ್ನೊಬ್ಬ ವಾಲಿಕೊಂಡು ನಿಂತೇ ಇದ್ದಾನೇನೋ ಎಂದು ಹುಡುಕುತ್ತಿದ್ದೆ.

ಗೌರಮ್ಮ ಬಂದಿದ್ದರು. ಮುಂದಿನ ಸಾಲಿನಲ್ಲಿ ಅವರ ಪಕ್ಕ ನನಗೂ ಜಾಗ ಮಾಡಿದ್ದರು. ಅವರ ಅಣ್ಣ, ಕಣ್ಣು ಸರಿಯಾಗಿ ಕಾಣದ ಮುದುಕ, ಶೆಟ್ಟಿಕೊಪ್ಪದಿಂದ ತಡವಾಗಿ ಬಂದು ಸ್ಟೇಜಿನ ಕಡೆ ನೋಡುತ್ತಾ ನಿಂತುಬಿಟ್ಟರು.

“ಅಯ್ಯೋ ಗೌರಾ, ಹಾಲೇಶನೇ ಬಂದಂಗಾತಲ್ಲೇ.”

ಗೌರಮ್ಮ ಕೂತಲ್ಲಿಂದ ಏಳಲಿಲ್ಲ.

“ಸರಿಯಾಗಿ ನೋಡು ಅಣ್ಣಯ್ಯ,” ಎಂದರು. “ಅವನ ತಮ್ಮ.”

ನಲವತ್ತು ವರ್ಷಕ್ಕೂ ಹೆಚ್ಚು ಹೊಲಿದೆ. ಕತ್ತರಿ ಎತ್ತುವ ಮುಂಚೆ ಕೇಳಬೇಕಾದದ್ದು ಎದೆಯ ಸುತ್ತಳತೆ ಒಂದೇ ಅಲ್ಲ ಎನ್ನುವುದನ್ನು ನನಗೆ ಕಲಿಸಿದ್ದು ಆ ಕೋಟು. ಅದಾದ ಮೇಲೆ ಅಂಗಡಿ ಮುಚ್ಚುವ ತನಕ ನಾನೂ ಪ್ರತಿ ಹುಡುಗನಿಗೆ ಕೇಳುತ್ತಿದ್ದೆ, ಕೆಳಗೆ ತಮ್ಮ ಇದಾನಾ ಎಂದು. ಇಲ್ಲ ಎಂದವರಿಗೂ ಒಂದಿಷ್ಟು ಬಟ್ಟೆ ಬಿಡುತ್ತಿದ್ದೆ.

ಊಟಕ್ಕೆ ಏಳುವ ಮುಂಚೆ ಗೌರಮ್ಮ ಸ್ಟೇಜಿಗೆ ಹೋದರು, ಹಿಂದೆಯೇ ನಾನೂ ಹೋದೆ. ಇಬ್ಬರ ತಲೆಯ ಮೇಲೂ ಅಕ್ಷತೆ ಹಾಕಿದರು. ಆಮೇಲೆ ಅವರ ಕೈ ಮಗನ ಬಲ ಹೆಗಲಿಗೆ ಹೋಯಿತು. ಅಂಗೈ ಹಿಂದಿನ ಅಭ್ಯಾಸಕ್ಕೆ ತಗ್ಗು ಹುಡುಕಿತು, ಸಿಗಲಿಲ್ಲ. ಬೆರಳು ಮಾತ್ರ ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಮತ್ತೆ ಅಲ್ಲೇ ನಿಂತಿತು. ಗೆರೆ ಸಿಕ್ಕಿತ್ತು. ಕೆಲಸ ಅರೆಬರೆಯಾಯಿತು ಎಂದು ನಾಚಿಕೆಯಾಗಿ ನಾನು ಅವರ ಕಿವಿಯ ಹತ್ತಿರ ಬಗ್ಗಿದೆ.

“ಗೌರಕ್ಕ, ಅದೊಂದು ಗೆರೆ ಉಳಿದುಹೋತು. ಮದುವೆ ಗಲಾಟೆ ಮುಗಿದ ಮೇಲೆ ಕೋಟು ಕಳಿಸಿಕೊಡಿ. ಹೆಂಗಾದ್ರೂ ಮಾಡಿ ತೆಗೆದುಬಿಡ್ತೀನಿ.”

ಗೌರಮ್ಮ ಬೆರಳು ತೆಗೆಯದೆಯೇ ನನ್ನ ಕಡೆ ಕಣ್ಣು ಬಿಟ್ಟರು.

“ಮುಟ್ಟಿದ್ರೆ ಕೈ ಮುರೀತೀನಿ ನೋಡು ಮಾರಾಯ್ತಿ. ನಿನ್ ಪಟ್ಟೆ ಊರಿಗೆಲ್ಲಾ ಇರ್ಲಿ, ಈ ಗೆರೆ ನಂಗಿರ್ಲಿ.”